ಉಬುಂಟು ಮೇಲೆ ಪೋಸ್ಟ್‌ಗ್ರೆಸ್: ಹಾಕುವುದು ಸಲೀಸು, ಎಲ್ಲಿ ಕೂತಿದೆ ಎಂದು ಹುಡುಕುವುದೇ ಕೆಲಸ

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಪೋಸ್ಟ್‌ಗ್ರೆಸ್ (ಪೂರ್ತಿ ಹೆಸರು ಪೋಸ್ಟ್‌ಗ್ರೆಸ್ಕ್ಯೂಎಲ್) ಎಂಬ ಡೇಟಾಬೇಸ್ ಸರ್ವರ್‌ನ ಡೆಬಿಯನ್-ಉಬುಂಟು ಪ್ಯಾಕೇಜು. ಡೇಟಾಬೇಸಿನ ಗುಣಗಾನ ಬೇಕಾದಷ್ಟು ಆಗಿದೆ. ಅದನ್ನು ಲಿನಕ್ಸ್ ಯಂತ್ರಕ್ಕೆ ಇಳಿಸಿದಾಗ ಯಾವುದು ಎಲ್ಲಿ ಹೋಗಿ ಕೂರುತ್ತದೆ, ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದನ್ನು ಮಾತ್ರ ನೋಡೋಣ. ಪೀಣ್ಯದ ಸಣ್ಣ ಕಾರ್ಖಾನೆಯ ಮೂಲೆಯಲ್ಲಿರುವ ಲೆಕ್ಕದ ಸರ್ವರ್, ಕಾಲೇಜಿನ ಲ್ಯಾಬ್, ಬಾಡಿಗೆಗೆ ಪಡೆದ ಕ್ಲೌಡ್ ಯಂತ್ರ, ಮೂರಕ್ಕೂ ಇದು ಹೊಂದುತ್ತದೆ. ಆಜ್ಞೆಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ; ಟರ್ಮಿನಲ್‌ನಲ್ಲಿ ಎಂದಿನಂತೆ ಇಂಗ್ಲಿಷಿನಲ್ಲೇ ಹೊಡೆಯಬೇಕು.

ತೀರ್ಪು ಮೊದಲೇ ಹೇಳಿಬಿಡೋಣ: ಪ್ಯಾಕೇಜು ಅಚ್ಚುಕಟ್ಟು. ಒಂದೇ ಯಂತ್ರದಲ್ಲಿ ಎರಡು ಮೂರು ಆವೃತ್ತಿಗಳು ಜಗಳವಿಲ್ಲದೆ ಬಾಳುವಂತೆ ಕಟ್ಟಿದ್ದಾರೆ. ಆದರೆ ಆ ಅಚ್ಚುಕಟ್ಟಿಗಾಗಿಯೇ ಫೈಲುಗಳನ್ನು ನಾಲ್ಕು ದಿಕ್ಕಿಗೆ ಹಂಚಿದ್ದಾರೆ. ಪೋಸ್ಟ್‌ಗ್ರೆಸ್‌ನ ಅಧಿಕೃತ ಕೈಪಿಡಿ ಓದಿಕೊಂಡು ಬಂದವರಿಗೆ ಮೊದಲ ದಿನ ಏನೂ ಸಿಗುವುದಿಲ್ಲ.

ಎಲ್ಲಿಂದ ಇಳಿಸಬೇಕು ಎಂಬುದು ಮೊದಲ ನಿರ್ಧಾರ. ‘ಸುಡೋ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್ಕ್ಯೂಎಲ್’ ಎಂದರೆ ಉಬುಂಟು 22.04ರಲ್ಲಿ 14, 24.04ರಲ್ಲಿ 16, ಡೆಬಿಯನ್ 12ರಲ್ಲಿ 15 ಬರುತ್ತದೆ. ಇದೇ ಸಾಕು ಎನ್ನುವವರು ಇಲ್ಲಿಗೇ ನಿಲ್ಲಬಹುದು. ಪ್ರತಿ ಮೇಜರ್ ಆವೃತ್ತಿಗೆ ಪೋಸ್ಟ್‌ಗ್ರೆಸ್ ತಂಡದ ಬೆಂಬಲ ಐದು ವರ್ಷ. 14ಕ್ಕೆ ಅದು ನವೆಂಬರ್ 2026ಕ್ಕೆ ಮುಗಿಯುತ್ತದೆ, 16ಕ್ಕೆ ನವೆಂಬರ್ 2028ಕ್ಕೆ. ಹೊಸ ಕೆಲಸ ಶುರುಮಾಡುವವರಿಗೆ ನಮ್ಮ ಸಲಹೆ, ಮೊದಲ ದಿನದಿಂದಲೇ ಪೋಸ್ಟ್‌ಗ್ರೆಸ್ ತಂಡದವರದೇ ಆದ ಪಿಜಿಡಿಜಿ ರೆಪೊಸಿಟರಿ (ಪ್ಯಾಕೇಜುಗಳ ಭಂಡಾರ). ಅದನ್ನು ಸೇರಿಸಲು ಕೀ ಡೌನ್‌ಲೋಡ್ ಮಾಡಿ ಸೋರ್ಸಸ್ ಫೈಲು ಬರೆಯುವ ಗೋಜು ಬೇಡ. ಉಬುಂಟುವಿನ ‘ಪೋಸ್ಟ್‌ಗ್ರೆಸ್ಕ್ಯೂಎಲ್-ಕಾಮನ್’ ಪ್ಯಾಕೇಜಿನಲ್ಲೇ ಅದಕ್ಕೊಂದು ಸ್ಕ್ರಿಪ್ಟ್ ಇದೆ:

ಸುಡೋ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್ಕ್ಯೂಎಲ್-ಕಾಮನ್
ಸುಡೋ /ಯುಎಸ್‌ಆರ್/ಶೇರ್/ಪೋಸ್ಟ್‌ಗ್ರೆಸ್ಕ್ಯೂಎಲ್-ಕಾಮನ್/ಪಿಜಿಡಿಜಿ/ಆಪ್ಟ್.ಪೋಸ್ಟ್‌ಗ್ರೆಸ್ಕ್ಯೂಎಲ್.ಆರ್ಗ್.ಎಸ್‌ಎಚ್
ಸುಡೋ ಆಪ್ಟ್ ಇನ್‌ಸ್ಟಾಲ್ ಪೋಸ್ಟ್‌ಗ್ರೆಸ್ಕ್ಯೂಎಲ್-17

ಕೊನೆಯ ಸಾಲಿನ 17 ಬಿಡಬೇಡಿ. ಬರೀ ‘ಪೋಸ್ಟ್‌ಗ್ರೆಸ್ಕ್ಯೂಎಲ್’ ಎಂಬುದು ಮೆಟಾಪ್ಯಾಕೇಜು, ಅಂದರೆ ತನ್ನೊಳಗೆ ಏನೂ ಇಲ್ಲದೆ ಬೇರೆ ಪ್ಯಾಕೇಜನ್ನು ಎಳೆದುತರುವ ಹೆಸರು. ಪಿಜಿಡಿಜಿಯಲ್ಲಿ ಅದು ಯಾವಾಗಲೂ ಇತ್ತೀಚಿನ ಮೇಜರ್ ಆವೃತ್ತಿಯತ್ತ ಬೆರಳು ತೋರಿಸುತ್ತದೆ. ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಾಗ, ಮಾಮೂಲಿ ಅಪ್‌ಗ್ರೇಡ್ ಹೊಡೆದವರ ಯಂತ್ರದಲ್ಲಿ ಹೊಸದೊಂದು ಖಾಲಿ ಡೇಟಾಬೇಸ್ ಸರ್ವರ್ ಎದ್ದು ಕೂತಿರುತ್ತದೆ. ಹಳೆಯದು 5432ನೇ ಪೋರ್ಟಿನಲ್ಲಿ ಎಂದಿನಂತೆ ಓಡುತ್ತಿರುತ್ತದೆ, ಹೊಸದು 5433 ಹಿಡಿದಿರುತ್ತದೆ. ಡೇಟಾಕ್ಕೇನೂ ಆಗಿರುವುದಿಲ್ಲ. ಆದರೆ ಇದು ಗೊತ್ತಿಲ್ಲದವರು ಹೊಸದಕ್ಕೆ ಲಾಗಿನ್ ಆಗಿ ‘ಟೇಬಲ್‌ಗಳೆಲ್ಲ ಮಾಯ’ ಎಂದು ಗಾಬರಿ ಬೀಳುತ್ತಾರೆ. ಉಬುಂಟುವಿನ 14 ಇರುವಲ್ಲೇ ಪಿಜಿಡಿಜಿಯ 17 ಹಾಕಿದಾಗಲೂ ಇದೇ ಕಥೆ.

ಇನ್ನು ವಿಳಾಸಗಳು. ‘ವಿಚ್ ಪೋಸ್ಟ್‌ಗ್ರೆಸ್’ ಎಂದು ಕೇಳಿದರೆ ಉತ್ತರವೇ ಬರುವುದಿಲ್ಲ. ‘ಇನಿಟ್‌ಡಿಬಿ’, ‘ಪಿಜಿ_ಸಿಟಿಎಲ್’ ಕೂಡ ಕಮಾಂಡ್ ನಾಟ್ ಫೌಂಡ್. ಪ್ಯಾಕೇಜು ಸರಿಯಾಗಿ ಬಿದ್ದಿಲ್ಲ ಎಂದು ತೆಗೆದು ಮತ್ತೆ ಹಾಕುವವರಿದ್ದಾರೆ, ಬೇಕಿಲ್ಲ. ಸರ್ವರ್‌ನ ಬೈನರಿಗಳೆಲ್ಲ /ಯುಎಸ್‌ಆರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್/17/ಬಿನ್ ಒಳಗಿವೆ, ಆ ಡೈರೆಕ್ಟರಿಯನ್ನು ಬೇಕೆಂದೇ ಪಾತ್‌ನಿಂದ (ಆಜ್ಞೆಗಳನ್ನು ಶೆಲ್ ಹುಡುಕುವ ಜಾಗಗಳ ಪಟ್ಟಿ) ಹೊರಗಿಟ್ಟಿದ್ದಾರೆ. ಪಾತ್‌ನಲ್ಲಿ ಕಾಣುವ /ಯುಎಸ್‌ಆರ್/ಬಿನ್/ಪಿಎಸ್‌ಕ್ಯೂಎಲ್ ಕೂಡ ಅಸಲಿ ಪಿಎಸ್‌ಕ್ಯೂಎಲ್ (ಡೇಟಾಬೇಸಿನೊಡನೆ ಟರ್ಮಿನಲ್‌ನಿಂದ ಮಾತಾಡುವ ಪ್ರೋಗ್ರಾಂ) ಅಲ್ಲ. ಅದು ‘ಪಿಜಿ_ರ‍್ಯಾಪರ್’ ಎಂಬ ಪರ್ಲ್ ಸ್ಕ್ರಿಪ್ಟಿಗೆ ಹಾಕಿದ ಸಿಂಬಾಲಿಕ್ ಲಿಂಕು. ಯಾವ ಕ್ಲಸ್ಟರಿಗೆ (ಒಂದು ಸರ್ವರ್ ನೋಡಿಕೊಳ್ಳುವ ಡೇಟಾಬೇಸುಗಳ ಗುಂಪು; ಮೊದಲನೆಯದರ ಹೆಸರು ‘ಮೇನ್’) ಹೋಗಬೇಕು ಎಂದು ನೋಡಿಕೊಂಡು, ಅದಕ್ಕೆ ತಕ್ಕ ಆವೃತ್ತಿಯ ಪಿಎಸ್‌ಕ್ಯೂಎಲ್ ಅನ್ನು ಅದೇ ಕರೆಯುತ್ತದೆ.

ಕಾನ್ಫಿಗರೇಷನ್ ಫೈಲುಗಳು /ಇಟಿಸಿ/ಪೋಸ್ಟ್‌ಗ್ರೆಸ್ಕ್ಯೂಎಲ್/17/ಮೇನ್‌ನಲ್ಲಿ. ಡೇಟಾ /ವಾರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್/17/ಮೇನ್‌ನಲ್ಲಿ. ಲಾಗು /ವಾರ್/ಲಾಗ್/ಪೋಸ್ಟ್‌ಗ್ರೆಸ್ಕ್ಯೂಎಲ್ ಒಳಗೆ ‘ಪೋಸ್ಟ್‌ಗ್ರೆಸ್ಕ್ಯೂಎಲ್-17-ಮೇನ್.ಲಾಗ್’ ಎಂಬ ಹೆಸರಿನಲ್ಲಿ. ಯುನಿಕ್ಸ್ ಸಾಕೆಟ್ (ಅದೇ ಯಂತ್ರದ ಪ್ರೋಗ್ರಾಂಗಳು ಸರ್ವರ್‌ನ ಜೊತೆ ಮಾತಾಡುವ ಫೈಲು) /ವಾರ್/ರನ್/ಪೋಸ್ಟ್‌ಗ್ರೆಸ್ಕ್ಯೂಎಲ್‌ನಲ್ಲಿ. ಈ ಕೊನೆಯದನ್ನು ಹಗುರವಾಗಿ ಕಾಣಬೇಡಿ. ಸೋರ್ಸ್‌ನಿಂದ ಕಟ್ಟಿದ ಪಿಎಸ್‌ಕ್ಯೂಎಲ್ ಸಾಕೆಟ್ಟನ್ನು /ಟಿಎಂಪಿಯಲ್ಲಿ ಹುಡುಕುತ್ತದೆ, ಸಿಗದೆ ‘ಸರ್ವರ್ ಓಡುತ್ತಿದೆಯೇ?’ ಎಂದು ನಿಮ್ಮನ್ನೇ ಕೇಳುತ್ತದೆ. ಸರ್ವರ್ ಚೆನ್ನಾಗಿಯೇ ಓಡುತ್ತಿರುತ್ತದೆ. ‘-ಎಚ್ /ವಾರ್/ರನ್/ಪೋಸ್ಟ್‌ಗ್ರೆಸ್ಕ್ಯೂಎಲ್’ ಎಂದು ಸೇರಿಸಿದರೆ ಮುಗಿಯಿತು.

ಇಷ್ಟನ್ನೂ ನೆನಪಿಡುವ ಅಗತ್ಯವಿಲ್ಲ. ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಎಂದು ಹೊಡೆದರೆ ಆವೃತ್ತಿ, ಕ್ಲಸ್ಟರ್ ಹೆಸರು, ಪೋರ್ಟು, ಆನ್‌ಲೈನೋ ಡೌನೋ, ಯಾರ ಒಡೆತನ, ಡೇಟಾ ಡೈರೆಕ್ಟರಿ, ಲಾಗ್ ಫೈಲು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಈ ಪ್ಯಾಕೇಜಿನ ಅತ್ಯುತ್ತಮ ಭಾಗ ಯಾವುದು ಎಂದರೆ ಇದೇ. ಬೇರೆಯವರು ಹಾಕಿಟ್ಟುಹೋದ ಸರ್ವರ್ ಮುಂದೆ ಕೂತಾಗ ಮೊದಲು ಹೊಡೆಯಬೇಕಾದ ಆಜ್ಞೆಯೂ ಇದೇ. ಒಳಗೆ ಹೋಗಲು ಸಾಧ್ಯವಾದರೆ ಸರ್ವರನ್ನೇ ಕೇಳಿ: ‘ಶೋ ಡೇಟಾ_ಡೈರೆಕ್ಟರಿ’, ‘ಶೋ ಕಾನ್ಫಿಗ್_ಫೈಲ್’, ‘ಶೋ ಎಚ್‌ಬಿಎ_ಫೈಲ್’. ಇವು ಸುಳ್ಳು ಹೇಳುವುದಿಲ್ಲ.

ಫೈಲು ತಿದ್ದಿದೆ, ರೀಸ್ಟಾರ್ಟ್ ಮಾಡಿದೆ, ಆದರೂ ಏನೂ ಬದಲಾಗಿಲ್ಲ ಎಂಬ ದೂರಿಗೆ ಸಾಮಾನ್ಯವಾಗಿ ಎರಡು ಕಾರಣ. ಒಂದು, 14ರ ಫೈಲು ತಿದ್ದಿ 17ರ ಸರ್ವರನ್ನು ನೋಡುತ್ತಿರುವುದು. ಇನ್ನೊಂದು, ಹಿಂದೆ ಯಾರೋ ‘ಆಲ್ಟರ್ ಸಿಸ್ಟಂ’ ಎಂಬ ಎಸ್‌ಕ್ಯೂಎಲ್ ಆಜ್ಞೆ ಬಳಸಿರುವುದು. ಅದು ಬರೆಯುವುದು /ಇಟಿಸಿಯ ಫೈಲಿಗಲ್ಲ, ಡೇಟಾ ಡೈರೆಕ್ಟರಿಯೊಳಗಿನ ‘ಪೋಸ್ಟ್‌ಗ್ರೆಸ್ಕ್ಯೂಎಲ್.ಆಟೊ.ಕಾನ್ಫ್’ಗೆ. ಎರಡರಲ್ಲೂ ಒಂದೇ ಹೆಸರಿನ ಸೆಟ್ಟಿಂಗ್ ಇದ್ದರೆ ಆಟೊ ಫೈಲಿನ ಮಾತೇ ನಡೆಯುತ್ತದೆ. ‘ಪಿಜಿ_ಸೆಟ್ಟಿಂಗ್ಸ್’ ವ್ಯೂನ ‘ಸೋರ್ಸ್‌ಫೈಲ್’ ಕಾಲಂ ನೋಡಿದರೆ ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂತೆಂದು ತಿಳಿಯುತ್ತದೆ.

ಸರ್ವಿಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಂಡಿ ಕಡೆಯೂ ಒಂದು ಮೋಸದ ಮೂಲೆ ಇದೆ. ‘ಸಿಸ್ಟಂಸಿಟಿಎಲ್ ಸ್ಟೇಟಸ್ ಪೋಸ್ಟ್‌ಗ್ರೆಸ್ಕ್ಯೂಎಲ್’ ಎಂದರೆ ಹಸಿರು ಬಣ್ಣದಲ್ಲಿ ‘ಆ್ಯಕ್ಟಿವ್’, ಪಕ್ಕದಲ್ಲಿ ‘ಎಕ್ಸಿಟೆಡ್’. ಡೇಟಾಬೇಸ್ ಬಿದ್ದಿದ್ದರೂ ಇದು ಹಸಿರೇ. ಏಕೆಂದರೆ ಆ ಯುನಿಟ್ ಬರೀ ಹೆಸರಿಗೆ. ಎಲ್ಲ ಕ್ಲಸ್ಟರುಗಳನ್ನು ಒಟ್ಟಿಗೆ ಎಬ್ಬಿಸಲು, ಮಲಗಿಸಲು ಇಟ್ಟುಕೊಂಡ ಹಿಡಿ ಅಷ್ಟೇ. ನಿಜವಾದ ಯುನಿಟ್ ‘ಪೋಸ್ಟ್‌ಗ್ರೆಸ್ಕ್ಯೂಎಲ್@17-ಮೇನ್’. ಮಾನಿಟರಿಂಗ್ ಕಟ್ಟುವವರು ಇದನ್ನೇ ಹಿಡಿಯಬೇಕು. ಮೊದಲಿನದನ್ನು ಕಾವಲಿಗಿಟ್ಟರೆ ಅಲಾರಂ ಎಂದೂ ಹೊಡೆದುಕೊಳ್ಳುವುದಿಲ್ಲ.

ಮೊದಲ ಲಾಗಿನ್‌ನಲ್ಲಿ ಎಲ್ಲರೂ ಮುಗ್ಗರಿಸುವ ‘ಪಿಯರ್ ಅಥೆಂಟಿಕೇಷನ್ ಫೇಲ್ಡ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಲೋಕಲ್ ಸಾಕೆಟ್ಟಿನಲ್ಲಿ ಲಿನಕ್ಸ್ ಬಳಕೆದಾರನ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಆಗಿರಬೇಕು. ಹಾಗಾಗಿ ‘ಸುಡೋ -ಯು ಪೋಸ್ಟ್‌ಗ್ರೆಸ್ ಪಿಎಸ್‌ಕ್ಯೂಎಲ್’. ಇದಕ್ಕಾಗಿ, ಯಾರು ಎಲ್ಲಿಂದ ಹೇಗೆ ಲಾಗಿನ್ ಆಗಬಹುದು ಎಂದು ಬರೆದಿಡುವ ‘ಪಿಜಿ_ಎಚ್‌ಬಿಎ.ಕಾನ್ಫ್’ ತೆರೆದು ‘ಟ್ರಸ್ಟ್’ (ಪಾಸ್‌ವರ್ಡ್ ಕೇಳದೆ ಒಳಬಿಡು) ಎಂದು ಬರೆಯುವ ಅಡ್ಡದಾರಿ ಹಿಡಿಯಬೇಡಿ. ಆಮೇಲೆ ಆ ಸಾಲು ಅಲ್ಲೇ ಉಳಿದುಬಿಡುತ್ತದೆ. ಅಪ್ಲಿಕೇಷನ್ನಿಗೆ ಬೇರೆ ಬಳಕೆದಾರ, ಅವನ ಒಡೆತನದಲ್ಲೇ ಡೇಟಾಬೇಸ್:

ಸುಡೋ -ಯು ಪೋಸ್ಟ್‌ಗ್ರೆಸ್ ಕ್ರಿಯೇಟ್‌ಯೂಸರ್ --ಪಿಡಬ್ಲ್ಯುಪ್ರಾಂಪ್ಟ್ ಲೆಕ್ಕ
ಸುಡೋ -ಯು ಪೋಸ್ಟ್‌ಗ್ರೆಸ್ ಕ್ರಿಯೇಟ್‌ಡಿಬಿ -ಓ ಲೆಕ್ಕ ಲೆಕ್ಕ_ಡಿಬಿ

ಇದರಲ್ಲಿ ಓ ದೊಡ್ಡಕ್ಷರ. ಒಡೆತನ ಕೊಡುವುದಕ್ಕೆ ಕಾರಣವಿದೆ: 15ರಿಂದೀಚೆಗೆ ‘ಪಬ್ಲಿಕ್’ ಸ್ಕೀಮಾದಲ್ಲಿ ಟೇಬಲ್ ಕಟ್ಟುವ ಹಕ್ಕು ಎಲ್ಲರಿಗೂ ಇಲ್ಲ. ಹಳೆಯ ಪಾಠಗಳನ್ನು ನೋಡಿ ‘ಗ್ರಾಂಟ್ ಆಲ್ ಆನ್ ಡೇಟಾಬೇಸ್’ ಕೊಟ್ಟು ಸುಮ್ಮನಾದವರಿಗೆ ‘ಪರ್ಮಿಷನ್ ಡಿನೈಡ್ ಫಾರ್ ಸ್ಕೀಮಾ ಪಬ್ಲಿಕ್’ ಎದುರಾಗುತ್ತದೆ.

ಆಫೀಸಿನ ಬೇರೆ ಯಂತ್ರಗಳಿಂದ ಸಂಪರ್ಕ ಬೇಕಿದ್ದರೆ ಎರಡು ಕಡೆ ಕೈ ಹಾಕಬೇಕು. ‘ಲಿಸನ್_ಅಡ್ರೆಸಸ್’ ಮೊದಲಿಗೆ ಬರೀ ಲೋಕಲ್‌ಹೋಸ್ಟ್. ಅದನ್ನು ಬದಲಿಸಿದರೆ ರೀಸ್ಟಾರ್ಟ್ ಬೇಕೇಬೇಕು. ಎಚ್‌ಬಿಎ ಫೈಲಿಗೆ 192.168.1.0/24 ಥರದ ನಿಮ್ಮ ಒಳಜಾಲದ ಸಾಲು ಸೇರಿಸಿದರೆ ರೀಲೋಡ್ ಸಾಕು. 0.0.0.0/0 (ಎಲ್ಲ ವಿಳಾಸಗಳೂ) ಬರೆಯುವ ಸೋಮಾರಿತನ ಬೇಡ. ಪೈಥಾನ್‌ನವರಿಗೆ ಒಂದು ಮಾತು: ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ‘ಸೈಕಾಪಿಜಿ2’ ಲೈಬ್ರರಿ ಕಟ್ಟುವಾಗ ‘ಪಿಜಿ_ಕಾನ್ಫಿಗ್’ ಸಿಗಲಿಲ್ಲ ಎಂದರೆ ಸರ್ವರ್ ಮತ್ತೆ ಹಾಕುವುದಲ್ಲ, ‘ಲಿಬ್‌ಪಿಕ್ಯೂ-ಡೆವ್’ ಹಾಕುವುದು.

ಈಗ ಕನ್ನಡದ ಡೇಟಾ ಇಡುವವರು ಗಮನಿಸಬೇಕಾದ ಭಾಗ. ಮೊದಲ ಕ್ಲಸ್ಟರ್ ಹುಟ್ಟುವ ಕ್ಷಣದಲ್ಲಿ ಯಂತ್ರದ ಲೊಕೇಲ್ (ಭಾಷೆ, ಅಕ್ಷರ ಕ್ರಮ, ಎನ್‌ಕೋಡಿಂಗಿನ ಸೆಟ್ಟಿಂಗ್) ಏನಿದೆಯೋ ಅದೇ ಡೇಟಾಬೇಸಿನ ಹಣೆಬರಹವಾಗುತ್ತದೆ. ಬರೀ ‘ಸಿ’ ಲೊಕೇಲ್ ಇರುವ ಬೋಳು ಕಂಟೇನರಿನಲ್ಲಿ ಹಾಕಿದರೆ ಎನ್‌ಕೋಡಿಂಗ್ ಯುಟಿಎಫ್8 ಆಗುವುದಿಲ್ಲ, ‘ಎಸ್‌ಕ್ಯೂಎಲ್_ಆಸ್ಕಿ’ ಆಗುತ್ತದೆ. ಅದಕ್ಕೆ ಅಕ್ಷರವೆಂಬುದೇ ಗೊತ್ತಿಲ್ಲ, ಬೈಟು ಮಾತ್ರ ಗೊತ್ತು. ‘ಸೆಲೆಕ್ಟ್ ಲೆಂತ್’ ಎಂದು ‘ಕನ್ನಡ’ ಪದವನ್ನು ಅಳೆದರೆ ಯುಟಿಎಫ್8ರಲ್ಲಿ 5 ಬರುತ್ತದೆ: ಕ, ನ, ವಿರಾಮ, ನ, ಡ. ಆಸ್ಕಿಯಲ್ಲಿ 15, ಏಕೆಂದರೆ ಒಂದೊಂದೂ ಮೂರು ಬೈಟು. ಹೆಸರಿನ ಮೊದಲ 10 ಅಕ್ಷರ ಕತ್ತರಿಸಿ ತೋರಿಸುವ ರಿಪೋರ್ಟ್ ಇದ್ದರೆ ಕತ್ತಿ ಅಕ್ಷರದ ನಡುವೆಯೇ ಬಿದ್ದು ಪರದೆಯಲ್ಲಿ ಚೌಕಗಳು ಕಾಣುತ್ತವೆ. ಡೇಟಾ ತುಂಬುವ ಮೊದಲೇ ಪಿಎಸ್‌ಕ್ಯೂಎಲ್ ಒಳಗೆ ‘\ಎಲ್’ ಹೊಡೆದು ಎನ್‌ಕೋಡಿಂಗ್ ಕಾಲಂ ನೋಡಿಕೊಳ್ಳಿ. ಆಮೇಲೆ ಗೊತ್ತಾದರೆ ಡಂಪ್ ತೆಗೆದು ಹೊಸ ಡೇಟಾಬೇಸಿಗೆ ತುಂಬುವುದೊಂದೇ ದಾರಿ.

ಎನ್‌ಕೋಡಿಂಗ್ ಸರಿಯಿದ್ದರೂ ಅಕಾರಾದಿ ತಪ್ಪಬಹುದು. ಉಬುಂಟುವಿನ ಕ್ಲೌಡ್ ಇಮೇಜುಗಳಲ್ಲಿ ಲೊಕೇಲ್ ‘ಸಿ.ಯುಟಿಎಫ್-8’. ಅದು ಯುನಿಕೋಡ್ ಸಂಖ್ಯೆಯ ಕ್ರಮದಲ್ಲಿ ಜೋಡಿಸುತ್ತದೆ. ಯುನಿಕೋಡ್ ಪಟ್ಟಿಯಲ್ಲಿ ಳ ಬರುವುದು ಲ ಆದ ಮೇಲೆ, ವ, ಶ, ಸ, ಹಗಳಿಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಅದು ಹ ಆದ ಮೇಲೆ. ಹಾಗಾಗಿ ಬಡಾವಣೆಗಳ ಪಟ್ಟಿಯಲ್ಲಿ ಬಳೇಪೇಟೆ ಮೊದಲು, ಬಸವನಗುಡಿ ಆಮೇಲೆ ಬರುತ್ತದೆ. ನಿಘಂಟಿನ ಕ್ರಮ ಇದಕ್ಕೆ ತಿರುಗುಮುರುಗು. ಕ್ಲಸ್ಟರ್ ಕೆಡವುವ ಅಗತ್ಯವಿಲ್ಲ. ‘ಆರ್ಡರ್ ಬೈ’ ಸಾಲಿನ ಕೊನೆಗೆ ಕೊಲೇಟ್ "ಕೆಎನ್-ಎಕ್ಸ್-ಐಸಿಯು" ಎಂದು ಸೇರಿಸಿ, ಅಥವಾ ಟೇಬಲ್ ಕಟ್ಟುವಾಗಲೇ ಆ ಕಾಲಂಗೆ ಈ ಕೊಲೇಷನ್ (ಅಕ್ಷರ ಜೋಡಣೆಯ ಕ್ರಮ) ಕೊಟ್ಟುಬಿಡಿ. ಹೆಸರಿನ ನಡುವೆ ಅಡ್ಡಗೆರೆಗಳಿರುವುದರಿಂದ ಜೋಡಿ ಉದ್ಧರಣ ಚಿಹ್ನೆ ಕಡ್ಡಾಯ. ಇಂಡೆಕ್ಸನ್ನೂ ಇದೇ ಕೊಲೇಷನ್ನಿನಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಜೋಡಣೆಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಲೊಕೇಲಿನದೇ ಇನ್ನೊಂದು ತಂಟೆ. ಲ್ಯಾಪ್‌ಟಾಪನ್ನು ಕನ್ನಡದಲ್ಲಿ ಇಟ್ಟುಕೊಂಡವರು ಎಸ್‌ಎಸ್‌ಎಚ್ ಮೂಲಕ ಸರ್ವರಿಗೆ ಹೋದಾಗ ‘ಕೆಎನ್_ಐಎನ್’ ಎಂಬ ಲೊಕೇಲೂ ಜೊತೆಗೆ ಹೋಗುತ್ತದೆ. ಸರ್ವರಿನಲ್ಲಿ ಆ ಲೊಕೇಲ್ ಕಟ್ಟಿರದಿದ್ದರೆ ಪ್ಯಾಕೇಜು ಇಳಿಯುತ್ತದೆ, ಕ್ಲಸ್ಟರ್ ಮಾತ್ರ ಹುಟ್ಟುವುದಿಲ್ಲ. ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಬರೀ ತಲೆಬರಹ ತೋರಿಸಿ ಸುಮ್ಮನಾಗುತ್ತದೆ. ಇನ್‌ಸ್ಟಾಲ್ ಆಗುವಾಗ ಹಾದುಹೋದ ಸಾಲುಗಳಲ್ಲಿ ಲೊಕೇಲ್ ಇನ್‌ವ್ಯಾಲಿಡ್ ಎಂಬ ಎರರ್ ಇದ್ದೇ ಇರುತ್ತದೆ, ಯಾರೂ ಓದಿರುವುದಿಲ್ಲ. ಮದ್ದು ಒಂದೇ ಸಾಲು:

ಸುಡೋ ಪಿಜಿ_ಕ್ರಿಯೇಟ್‌ಕ್ಲಸ್ಟರ್ --ಲೊಕೇಲ್ ಸಿ.ಯುಟಿಎಫ್-8 17 ಮೇನ್ --ಸ್ಟಾರ್ಟ್

ಗಡಿಯಾರದ ವಿಷಯ. ಕ್ಲೌಡ್ ಯಂತ್ರಗಳು ಯುಟಿಸಿಯಲ್ಲಿ ಬರುತ್ತವೆ, ಬೆಂಗಳೂರಿಗಿಂತ ಐದೂವರೆ ಗಂಟೆ ಹಿಂದೆ. ಕ್ಲಸ್ಟರ್ ಹುಟ್ಟುವಾಗ ಆ ಟೈಮ್‌ಜೋನ್ ‘ಪೋಸ್ಟ್‌ಗ್ರೆಸ್ಕ್ಯೂಎಲ್.ಕಾನ್ಫ್’ನಲ್ಲಿ ಬರೆದುಹೋಗುತ್ತದೆ. ಆಮೇಲೆ ‘ಟೈಮ್‌ಡೇಟ್‌ಸಿಟಿಎಲ್’ನಿಂದ ಯಂತ್ರವನ್ನು ಏಷ್ಯಾ/ಕೋಲ್ಕತ್ತಾಕ್ಕೆ ತಂದರೂ ಡೇಟಾಬೇಸ್ ಯುಟಿಸಿಯಲ್ಲೇ ಉಳಿಯುತ್ತದೆ, ‘ಟೈಮ್‌ಜೋನ್’ ಮತ್ತು ‘ಲಾಗ್_ಟೈಮ್‌ಜೋನ್’ ಎರಡನ್ನೂ ಕೈಯಾರೆ ಬದಲಿಸಬೇಕು. ಇದಕ್ಕಿಂತ ಕಾಟ ಕೊಡುವುದು ಉಬುಂಟುವಿನ ತಾನೇತಾನಾಗಿ ಆಗುವ ಸೆಕ್ಯುರಿಟಿ ಅಪ್‌ಡೇಟ್. ಅದರ ಟೈಮರ್ ಬೆಳಗ್ಗೆ 6ಕ್ಕೆ, ಮೇಲೆ ಒಂದು ಗಂಟೆಯವರೆಗೆ ಯಾದೃಚ್ಛಿಕ ತಡ. ಯಂತ್ರ ಯುಟಿಸಿಯಲ್ಲಿದ್ದರೆ ನಮ್ಮ ಲೆಕ್ಕಕ್ಕೆ ಅದು 11.30ರಿಂದ 12.30. ಪೋಸ್ಟ್‌ಗ್ರೆಸ್‌ಗೆ ಮೈನರ್ ಅಪ್‌ಡೇಟ್ ಬಂದಿದ್ದರೆ ಪ್ಯಾಕೇಜು ಸರ್ವರನ್ನು ಆಗಲೇ ರೀಸ್ಟಾರ್ಟ್ ಮಾಡುತ್ತದೆ, ಬಿಲ್ಲಿಂಗ್ ಕೌಂಟರ್ ಮುಂದೆ ಜನ ನಿಂತಿರುವ ಹೊತ್ತಿಗೆ. ಪಿಜಿಡಿಜಿ ಬಳಸುವವರಿಗೆ ಈ ಸಮಸ್ಯೆ ಇಲ್ಲ: ಆ ರೆಪೊಸಿಟರಿ ಸ್ವಯಂಚಾಲಿತ ಅಪ್‌ಡೇಟಿನ ಪಟ್ಟಿಯಲ್ಲಿ ಮೊದಲಿಗೆ ಇರುವುದೇ ಇಲ್ಲ. ಅಂದರೆ ಸೆಕ್ಯುರಿಟಿ ಪ್ಯಾಚನ್ನು ನೀವೇ ನೆನಪಿಟ್ಟು ಹಾಕಬೇಕು.

ಡೇಟಾವನ್ನು ಬೇರೆ ಡಿಸ್ಕಿಗೆ ಹಾಕಬೇಕು ಎನ್ನುವವರು ಪ್ಯಾಕೇಜಿಗಿಂತ ಮೊದಲು ಬರೀ ‘ಪೋಸ್ಟ್‌ಗ್ರೆಸ್ಕ್ಯೂಎಲ್-ಕಾಮನ್’ ಹಾಕಿ, /ಇಟಿಸಿ/ಪೋಸ್ಟ್‌ಗ್ರೆಸ್ಕ್ಯೂಎಲ್-ಕಾಮನ್/ಕ್ರಿಯೇಟ್‌ಕ್ಲಸ್ಟರ್.ಕಾನ್ಫ್‌ನಲ್ಲಿ ‘ಕ್ರಿಯೇಟ್_ಮೇನ್_ಕ್ಲಸ್ಟರ್ = ಫಾಲ್ಸ್’ ಮಾಡಿಕೊಳ್ಳುವುದು ಒಳ್ಳೆಯದು. ‘ಡೇಟಾ_ಡೈರೆಕ್ಟರಿ’ಗೆ ಹೊಸ ಜಾಗ ಕೊಡುವುದೂ ಅಲ್ಲೇ. ಆಮೇಲೆ ಸರ್ವರ್ ಹಾಕಿ, ಕ್ಲಸ್ಟರ್ ನಾವೇ ಕಟ್ಟಿಕೊಂಡರೆ ಸಾಗಿಸುವ ತಲೆನೋವೇ ಇಲ್ಲ. ಈಗಾಗಲೇ ಓಡುತ್ತಿರುವುದನ್ನು ಸಾಗಿಸುವುದಾದರೆ: ನಿಲ್ಲಿಸಿ, ‘ಆರ್‌ಸಿಂಕ್ -ಎ’ಯಿಂದ ನಕಲು ಮಾಡಿ, ಕಾನ್ಫ್ ಫೈಲಿನಲ್ಲಿ ‘ಡೇಟಾ_ಡೈರೆಕ್ಟರಿ’ ತಿದ್ದಿ, ಎಬ್ಬಿಸಿ. ಡೈರೆಕ್ಟರಿಯ ಪರ್ಮಿಷನ್ 0700 ಅಥವಾ 0750 ಆಗಿರಬೇಕು, ಸಡಿಲವಿದ್ದರೆ ಸರ್ವರ್ ಏಳುವುದಿಲ್ಲ. ಹೊಸ ಡಿಸ್ಕಿನ ಮೂಲ (ರೂಟ್) ಡೈರೆಕ್ಟರಿಯನ್ನೇ ಡೇಟಾ ಡೈರೆಕ್ಟರಿ ಮಾಡಬೇಡಿ, ಅಲ್ಲಿ ‘ಲಾಸ್ಟ್+ಫೌಂಡ್’ ಇರುವುದರಿಂದ ಹೊಸ ಕ್ಲಸ್ಟರ್ ಕಟ್ಟಲು ಒಪ್ಪುವುದಿಲ್ಲ. ಒಳಗೊಂದು ಡೈರೆಕ್ಟರಿ ಮಾಡಿ. ಬಹಳ ಜನ ಬಿಡುವ ಹೆಜ್ಜೆ ಇನ್ನೊಂದಿದೆ: ಸಿಸ್ಟಂಡಿ ಯುನಿಟ್ ಕಾಯುವುದು /ವಾರ್/ಲಿಬ್‌ನ ಹಳೆಯ ಜಾಗ ಮೌಂಟ್ ಆಗುವುದಕ್ಕೆ. ‘ಸಿಸ್ಟಂಸಿಟಿಎಲ್ ಎಡಿಟ್’ ಮಾಡಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ನಲ್ಲಿ ಹೊಸ ಜಾಗ ಸೇರಿಸದಿದ್ದರೆ, ರೀಬೂಟ್ ಆದಾಗ ಡಿಸ್ಕ್ ಬರುವ ಮೊದಲೇ ಪೋಸ್ಟ್‌ಗ್ರೆಸ್ ಎದ್ದು ಬಿದ್ದಿರುತ್ತದೆ. ಇಷ್ಟಾದರೂ ಮೈಎಸ್‌ಕ್ಯೂಎಲ್‌ಗಿಂತ ವಾಸಿ. ಉಬುಂಟುವಿನಲ್ಲಿ ಅದರ ಡೇಟಾ ಸಾಗಿಸಲು ಯಾವ ಪ್ರೋಗ್ರಾಂ ಯಾವ ಫೈಲು ಮುಟ್ಟಬಹುದೆಂದು ಕಾಯುವ ಆ್ಯಪ್‌ಆರ್ಮರ್‌ನ ಪ್ರೊಫೈಲನ್ನೂ ತಿದ್ದಬೇಕು.

ಡಿಸ್ಕ್ ಯಾವುದು ಎಂಬುದೂ ಮುಖ್ಯ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕಡಿಮೆ ಬೆಲೆಗೆ ಸಿಗುವ ಡೆಸ್ಕ್‌ಟಾಪ್ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕ್ಯಾಶೆಯಲ್ಲಿರುವುದನ್ನು ಬರೆದು ಮುಗಿಸುವ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟು ಪದೇಪದೇ ಹೋಗುವ ಬಡಾವಣೆಯಲ್ಲಿ ಯುಪಿಎಸ್ ಇಲ್ಲದೆ ಇದರ ಮೇಲೆ ಲೆಕ್ಕ ಇಡಬೇಡಿ. ಡಿಸ್ಕ್ ನಿಜ ಹೇಳುತ್ತಿದೆಯೇ ಎಂದು ನೋಡಲು ಬೈನರಿ ಡೈರೆಕ್ಟರಿಯಲ್ಲೇ ‘ಪಿಜಿ_ಟೆಸ್ಟ್_ಎಫ್‌ಸಿಂಕ್’ ಇದೆ. 7200 ಆರ್‌ಪಿಎಂ ಹಾರ್ಡ್ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ, ಸಿಂಕ್‌ಗಳೂ (ಬರೆದದ್ದನ್ನು ಡಿಸ್ಕಿಗೆ ಖಚಿತವಾಗಿ ಮುಟ್ಟಿಸುವುದು) ಹೆಚ್ಚುಕಮ್ಮಿ ಆ ಮಿತಿಯಲ್ಲೇ ಇರಬೇಕು. ಅಂಥ ಡಿಸ್ಕಿನಲ್ಲಿ ಸಾವಿರಾರು ತೋರಿಸಿದರೆ, ಬರೆಯದೆಯೇ ‘ಬರೆದಾಯಿತು’ ಎನ್ನುತ್ತಿದೆ ಎಂದೇ ಅರ್ಥ. 18ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಪುಟಗಳ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ಹಿಡಿಯುವ ಲೆಕ್ಕ) ತಾನಾಗಿ ಬರುವುದಿಲ್ಲ. ಕ್ಲಸ್ಟರ್ ಕಟ್ಟುವಾಗ ‘-- --ಡೇಟಾ-ಚೆಕ್‌ಸಮ್ಸ್’ ಸೇರಿಸಿ.

ರೆಡ್ ಹ್ಯಾಟ್ ಬಳಗದ ರಾಕಿ, ಆಲ್ಮಾ ಲಿನಕ್ಸ್ ಬಳಸುವವರಿಗೆ ಭೂಗೋಳವೇ ಬೇರೆ: ಪಿಜಿಡಿಜಿಯ ಆರ್‌ಪಿಎಂ ಪ್ಯಾಕೇಜು ಆದರೆ ಬೈನರಿ /ಯುಎಸ್‌ಆರ್/ಪಿಜಿಎಸ್‌ಕ್ಯೂಎಲ್-17/ಬಿನ್, ಡೇಟಾವೂ ಕಾನ್ಫಿಗರೇಷನ್ನೂ ಒಟ್ಟಿಗೆ /ವಾರ್/ಲಿಬ್/ಪಿಜಿಎಸ್‌ಕ್ಯೂಎಲ್/17/ಡೇಟಾ. ಅಲ್ಲಿ ಕ್ಲಸ್ಟರ್ ತಾನಾಗಿ ಹುಟ್ಟುವುದಿಲ್ಲ, ‘ಪೋಸ್ಟ್‌ಗ್ರೆಸ್ಕ್ಯೂಎಲ್-17-ಸೆಟಪ್ ಇನಿಟ್‌ಡಿಬಿ’ ಓಡಿಸಬೇಕು. ಡಾಕರ್‌ನಲ್ಲಿ 17ರವರೆಗೆ ವಾಲ್ಯೂಮ್ ಸಿಕ್ಕಿಸುವುದು /ವಾರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್/ಡೇಟಾಗೆ, 18ರಿಂದ ಒಂದು ಮೆಟ್ಟಿಲು ಮೇಲೆ, /ವಾರ್/ಲಿಬ್/ಪೋಸ್ಟ್‌ಗ್ರೆಸ್ಕ್ಯೂಎಲ್‌ಗೇ. ಡಾಕರ್ ತೆರೆದ ಪೋರ್ಟನ್ನು ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯು ತಡೆಯುವುದಿಲ್ಲ ಎಂಬುದೂ ನೆನಪಿರಲಿ, 127.0.0.1:5432:5432 ಎಂದೇ ಬರೆಯಿರಿ.

ತೆಗೆದುಹಾಕುವಾಗಲೂ ಪ್ಯಾಕೇಜು ಜವಾಬ್ದಾರಿಯಿಂದ ನಡೆದುಕೊಳ್ಳುತ್ತದೆ. ‘ಆಪ್ಟ್ ರಿಮೂವ್’ ಡೇಟಾ ಮುಟ್ಟುವುದಿಲ್ಲ. ‘ಆಪ್ಟ್ ಪರ್ಜ್ ಪೋಸ್ಟ್‌ಗ್ರೆಸ್ಕ್ಯೂಎಲ್-14’ ಎಂದರೆ ಡೇಟಾ ಡೈರೆಕ್ಟರಿಗಳನ್ನೂ ಅಳಿಸಲೇ ಎಂದು ನೀಲಿ ಪರದೆಯಲ್ಲಿ ಕೇಳುತ್ತದೆ. ಅಲ್ಲಿ ಎಂಟರ್ ಒತ್ತುವ ಮೊದಲು ಇನ್ನೊಂದು ಟರ್ಮಿನಲ್‌ನಲ್ಲಿ ‘ಪಿಜಿ_ಎಲ್‌ಎಸ್‌ಕ್ಲಸ್ಟರ್ಸ್’ ಹೊಡೆದು, 5432ರಲ್ಲಿ ಕೂತಿರುವುದು 14ರದೋ 17ರದೋ ನೋಡಿಕೊಳ್ಳಿ.